ರೂಫಸನ ಪಾಲಿನ ತಟ್ಟೆ

ತಮ್ಮಾ ರೂಫಸ್,

ನೀನು ಜೈಲಿನಲ್ಲೇ ತೀರಿಕೊಂಡ ಮೇಲೂ ಭಾನುವಾರ ಚರ್ಚಿನಿಂದ ಬಂದವಳು ನಿನಗೊಂದು ತಟ್ಟೆ ತೆಗೆದಿಡುತ್ತೇನೆ. ಪಾಳಿಗೆ ಹೋದವರಿಗೆ ಅಮ್ಮ ಮುಚ್ಚಿಡುತ್ತಿದ್ದಳಲ್ಲ, ಹಾಗೆ. ಇವತ್ತೂ ಇಟ್ಟಿದ್ದೆ: ಹುರಿದ ಮೀನು, ಸೊಪ್ಪು, ಜೋಳದ ಬ್ರೆಡ್ಡಿನಲ್ಲಿ ನಿನಗಿಷ್ಟವಾದ ಗರಿಗರಿ ಅಂಚಿನ ತುಂಡು.

ನನ್ನ ಮೊಮ್ಮಗಳು ಡೆನೀಸ್ ಬಂದಿದ್ದಳು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಳೆ. ನಮ್ಮ ಕಪ್ಪು ಹುಡುಗರಿಗೇ ಕೋರ್ಟು ಯಾಕೆ ಹೆಚ್ಚು ಶಿಕ್ಷೆ ಕೊಡುತ್ತದೆ ಎಂಬುದು ಅವಳ ಸಂಶೋಧನೆ. ಅದಕ್ಕಾಗಿ ನಮ್ಮ ಮೆಂಫಿಸ್ ಊರಿನ ಎಷ್ಟೋ ತಾಯಂದಿರನ್ನು ಮಾತಾಡಿಸಿದ್ದಾಳೆ. ನೀನು ಹಡಗಿನ ಕೆಲಸದಲ್ಲಿ ಸತ್ತೆ ಎಂದೇ ಅವಳು ತಿಳಿದಿರುವುದು.

"ಅಜ್ಜೀ, ನಮ್ಮನೇಲಿ ಯಾರಾದ್ರೂ ಒಳಗೆ ಹೋಗಿದ್ರಾ?"

"ನಿನ್ನ ತಾತ ಹಾಡೋದು ಕೇಳಿ ಪೊಲೀಸ್ರು ಹಿಡ್ಕೊಂಡು ಹೋಗ್ಬೇಕಿತ್ತು ಕಣೇ. ಅವನೂ ತಪ್ಪಿಸ್ಕೊಂಡ."

ನಕ್ಕಳು. ಆಮೇಲೆ ರೆಕಾರ್ಡರ್ ಆರಿಸಿ ನನ್ನ ಕೈ ಹಿಡಿದುಕೊಂಡಳು. "ಈಗ ನಾವಿಬ್ರೇ. ಹೋದ ಮನೇಲೆಲ್ಲ ಒಬ್ಬೊಬ್ರ ಫೋಟೊ ತೋರ್ಸಿ ಅತ್ರು ಅಜ್ಜೀ. ನಮ್ಮಲ್ಲಿ ನಿಜವಾಗ್ಲೂ ಯಾರೂ ಇಲ್ವಾ?"

ನಿನ್ನ ಹೆಸರು ಹಲ್ಲಿನ ಹಿಂದೆ ಬಂದು ನಿಂತಿತ್ತು.

"ಇಲ್ಲ ಕಂದಾ."

ಹೊರಡುವಾಗ ಒಲೆಯ ಮೇಲಿನ ತಟ್ಟೆ ಅವಳ ಕಣ್ಣಿಗೆ ಬಿತ್ತು. "ಇದ್ಯಾರಿಗೆ?"

"ನಿಂಗೇ, ಇನ್ಯಾರಿಗೆ? ಓದಿ ಓದಿ ಕಡ್ಡಿಯಾಗಿದೀಯ, ತಗೊಂಡ್ ಹೋಗು."

ಎದೆಗೊತ್ತಿಕೊಂಡು ಬಸ್ಸಿನತ್ತ ನಡೆದಳು. ರಸ್ತೆಯ ತಿರುವಿನಲ್ಲಿ ನಿಂತು, ಮುಚ್ಚಳ ಸರಿಸಿ, ಆ ಅಂಚಿನ ತುಂಡನ್ನೇ ಮೊದಲು ಬಾಯಿಗಿಟ್ಟಳು, ಥೇಟ್ ನಿನ್ನ ಹಾಗೆ. ಕಿಟಕಿ ತೆರೆದು ಅವಳನ್ನು ಕೂಗಿ ನಿನ್ನ ಹೆಸರು ಹೇಳಬಹುದಿತ್ತು. ಕೂಗಲಿಲ್ಲ.

ಇವತ್ತು ನಿನಗೆ ಊಟವಿಲ್ಲ, ರೂಫಸ್.

ನಿನ್ನ ಅಕ್ಕ,
ಒಡೆಸ್ಸಾ