ಔಷಧಿ ಕೊಡದ ಇಲಿ

ಏಪ್ರಿಲ್ ೧೪, ಮಂಗಳವಾರ

ಮೂರು ವಾರದ ಹಿಂದೆ ನಾನೇ ಮಿದುಳಿನ ರಕ್ತನಾಳ ಮುಚ್ಚಿ ಪಾರ್ಶ್ವವಾಯು ಬರಿಸಿದ್ದ ಹನ್ನೊಂದನೇ ಇಲಿ, ಸೋತ ಎಡ ಮುಂಗಾಲಿಗೆ ಅಂಟಿಸಿದ ಟೇಪನ್ನು ಇಂದು ಒಂಬತ್ತೇ ಸೆಕೆಂಡಿನಲ್ಲಿ ಕಿತ್ತೆಸೆಯಿತು. ಅದಕ್ಕೆ ನಾವು ಪರೀಕ್ಷಿಸುತ್ತಿರುವ ಔಷಧಿಯನ್ನೇ ಕೊಟ್ಟಿಲ್ಲ! ಕೊಟ್ಟ ಇಲಿಗಳು ಇನ್ನೂ ತಡಕಾಡುತ್ತಿವೆ.

ಪಂಜರ ತೊಳೆಯುವ ಅಕ್ಕನನ್ನು ಕೇಳಿದರೆ ಮುಖ ಸಣ್ಣದು ಮಾಡಿಕೊಂಡಳು. "ಪಾಪ ಅನ್ನಿಸ್ತು ಮೇಡಂ. ದಿನಾ ಕಾಳು ಹಿಡೀತಿದ್ದೆ, ಆ ಸೋತ ಕೈಯಲ್ಲೇ ತಗೊಳ್ಳೋ ತನಕ ಬಿಡ್ತಿರ್ಲಿಲ್ಲ. ತಪ್ಪಾಯ್ತಾ?"

ಪ್ರಯೋಗದ ಮಟ್ಟಿಗೆ ತಪ್ಪೇ. ಇಲಿಯನ್ನು ಪಟ್ಟಿಯಿಂದ ಕೈಬಿಟ್ಟು ಕಾರಣ ಬರೆದೆ. ಬೈಯಲು ಬಾಯಿ ಬರಲಿಲ್ಲ; "ದಿನಾ ಎಷ್ಟು ಹೊತ್ತು?" ಎಂದು ಕೇಳಿದೆ.

ಪಾರ್ಶ್ವವಾಯು ಬಡಿದ ಅಪ್ಪನ ಎಡಗೈ ಎರಡು ವರ್ಷದಿಂದ ಮಡಿಲಲ್ಲೇ ಬಿದ್ದಿದೆ. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ನೀರಿನ ಲೋಟವನ್ನು ಆ ಕಡೆ ಹಿಡಿದೆ. "ಇದೇನೇ ಹೊಸ ಹುಚ್ಚು?" ಎಂದು ಗದರಿದರು. ನಾನು ಬಿಡಲಿಲ್ಲ. ಕೊನೆಗೆ ಹೆಬ್ಬೆರಳು ಅಲುಗಿತು. ನಿಜವಾಗಿ ಅಲುಗಿತೋ, ನನ್ನ ಆಸೆಯೋ? ನಾಳೆ ಗಡಿಯಾರ ಹಿಡಿದೇ ಕೂರಬೇಕು. ಅಪ್ಪ ಬೈದರೂ...