ವಿಸ್ಮಿತಾಳಿಗೆ ಬಂದ ಸಂಬಂಧ

ಶಿರ್ತಾಡಿ
ಜುಲೈ ೬, ೨೦೨೫, ಭಾನುವಾರ

ಮಸ್ಕತ್ತಿನಲ್ಲಿರುವ ಶೋಧನ್ ಅವರಿಗೆ ವಿಜೇತಾ ಮಾಡುವ ನಮಸ್ಕಾರಗಳು.

ಕಟ್ಟಿಕೊಂಡ ಗಂಡನಿಗೆ ಹೀಗೆ ಆಫೀಸಿನ ಅರ್ಜಿಯ ಹಾಗೆ ಬರೆಯುವುದು ಚಂದವಲ್ಲ. ಬೇರೆ ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಫೋನಿನಲ್ಲಿ ಏನು ಕಳುಹಿಸಿದರೂ ನೀವು ಓದಿದಿರಿ ಎಂಬ ನೀಲಿ ಗೆರೆ ಬರುತ್ತದೆ, ಆಮೇಲೆ ಏನೂ ಬರುವುದಿಲ್ಲ. ಕಾಗದಕ್ಕೆ ಆ ಗೆರೆ ಇಲ್ಲ. ಓದಿದಿರೋ, ಹರಿದು ಬಿಸಾಡಿದಿರೋ ನನಗೆ ಗೊತ್ತಾಗುವುದಿಲ್ಲ, ಅಷ್ಟರ ಮಟ್ಟಿಗೆ ನೆಮ್ಮದಿ. ಕಕ್ಕಿಂಜೆಯ ನಿಮ್ಮ ಅಣ್ಣನ ಮಗ ನಿತೇಶ್ ಬುಧವಾರ ಅಲ್ಲಿಗೆ ಹೊರಡುತ್ತಾನಂತೆ. ಅವನ ಕೈಯಲ್ಲಿ ಕೊಡುತ್ತೇನೆ.

ವಿಷಯ ನಮ್ಮ ಮಗಳದ್ದು. ಬರುವ ಆಟಿ ತಿಂಗಳಲ್ಲಿ ಅವಳ ಮದುವೆ ಮಾಡಬೇಕೆಂದು ಕುಟುಂಬದ ಹಿರಿಯರು ನಿಶ್ಚಯಿಸಿದ್ದಾರೆ. ಹುಡುಗ ಕೊಕ್ಕಡದವನು, ಅವನೂ ಚಿಕ್ಕಂದಿನಲ್ಲೇ ತೀರಿಕೊಂಡವನು. ಸತ್ತ ಮಕ್ಕಳಿಗೆ ಪ್ರಾಯ ಬಂದಾಗ ಸತ್ತವರಲ್ಲೇ ಜೋಡಿ ಹುಡುಕಿ ಮದುವೆ ಮಾಡಿ ಕಳಿಸುವುದು ನಮ್ಮಲ್ಲಿ ಹೊಸದಲ್ಲ, ನಿಮ್ಮ ಮನೆಯಲ್ಲೇ ನಿಮ್ಮ ಅತ್ತೆಯೊಬ್ಬರಿಗೆ ಮಾಡಿದ್ದಾರೆ. ಅಪ್ಪ ಅಮ್ಮ ಬದುಕಿದ್ದರೆ ಇಬ್ಬರೂ ಕೂತು ಧಾರೆ ಎರೆಯಬೇಕಂತೆ. ನೀವು ಬರುತ್ತೀರಾ ಎಂದು ಕೇಳಲು ಈ ಕಾಗದ. ಆದರೆ ಇದೆಲ್ಲ ಎಲ್ಲಿಂದ ಹೊರಟಿತೆಂದು ಹೇಳದೆ ಕೇಳಿದರೆ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಹೋದ ವರ್ಷ ಕುಟುಂಬದ ಮನೆಯಲ್ಲಿ ದೈವಗಳಿಗೆ ತಂಬಿಲ ಮುಗಿದ ಮೇಲೆ ಬಂಟ್ವಾಳದ ಶೀನಪ್ಪ ಮಾವ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿದರು. ಈಗ ಅವರೇ ನಮ್ಮ ಕುಟುಂಬದ ಯಜಮಾನರು. ಬೆಳ್ತಂಗಡಿಯ ಒಬ್ಬ ಹುಡುಗ, ಮೂಡುಬಿದಿರೆಯ ಒಬ್ಬ ಹುಡುಗಿ ಪರಸ್ಪರ ಒಪ್ಪಿ, ಹಾಲ್ ಕೂಡ ಗೊತ್ತು ಮಾಡಿದ ಮೇಲೆ ಇಬ್ಬರ ಕುಲವೂ ಒಂದೇ, ಒಂದೇ ಬಳಿ ಎಂದು ತಿಳಿಯಿತು. ತಾಯಿಯ ಕಡೆಯಿಂದ ನೋಡಿದರೆ ಅಣ್ಣ ತಂಗಿ. ಮದುವೆ ಮುರಿಯಿತು. ಮೂರು ತಾಲೂಕಿನಲ್ಲಿ ಹಂಚಿಹೋದ ನಾವು ಒಬ್ಬರನ್ನೊಬ್ಬರು ಗುರುತಿಸದ ಹಾಗಾಗಿದ್ದೇವೆ, ಎಲ್ಲರ ಫೋನಿನಲ್ಲೂ ಕಾಣುವ ವಂಶವೃಕ್ಷ ಒಂದು ಆಗಬೇಕು ಎಂದರು ಮಾವ. ಸೊಸೈಟಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ನಾನೊಬ್ಬಳೇ ಎಂಬ ಕಾರಣಕ್ಕೆ ಎಲ್ಲರೂ ನನ್ನ ಕಡೆ ತಿರುಗಿದರು. ಸಂಸಾರವಿಲ್ಲದವಳಿಗೆ ಪುರುಸೊತ್ತು ಜಾಸ್ತಿ ಎಂದು ಅವರ ಲೆಕ್ಕ. ಬಾಯಲ್ಲಿ ಹೇಳಲಿಲ್ಲ, ಅಷ್ಟು ಮರ್ಯಾದೆ ನಮ್ಮವರಿಗೆ ಇದೆ.

ಮೊದಲು ಸಿಕ್ಕಿದ ಆ್ಯಪ್ ಚಂದವಿತ್ತು. ಆದರೆ ಒಳಗೆ ಹೋಗಲು ಇ-ಮೇಲ್ ಬೇಕು, ಪಾಸ್‌ವರ್ಡ್ ಬೇಕು. ನಮ್ಮ ಸರಸ ಚಿಕ್ಕಮ್ಮ ಪಾಸ್‌ವರ್ಡ್ ಮರೆಯಬಾರದೆಂದು ಅದನ್ನೇ ಕುಟುಂಬದ ಗ್ರೂಪಿಗೆ ಹಾಕಿದರು. ಅದನ್ನು ಕಂಡು ಉಳಿದ ಹೆಂಗಸರೂ ತಮ್ಮ ತಮ್ಮದನ್ನು ಹಾಕಿದರು. ನಾವು ಕುಟುಂಬ ಎಣಿಸುವುದು ತಾಯಿಯಿಂದ, ಎರಡನೆಯದು ಎಲ್ಲರನ್ನೂ ಅಪ್ಪನ ಕೆಳಗೆ ನೇತು ಹಾಕುತ್ತಿತ್ತು. ನಮ್ಮ ಅಜ್ಜಿಯಂದಿರೆಲ್ಲ ಯಾರದೋ ಹೆಂಡತಿಯರಾಗಿ ಬದಿಗೆ ಸರಿದರು. ಶೀನಪ್ಪ ಮಾವ ಅದನ್ನು ನೋಡಿ, "ಎಂಥ ಮಾರಾಯ್ತಿ ಇದು, ಈ ಕುಟುಂಬದ ಯಜಮಾನನನ್ನೇ ಹೊರಗೆ ಹಾಕಿದ್ದೀಯಲ್ಲ? ನಾನು ಅಪ್ಪನ ಮನೆಯವನಾ?" ಎಂದು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. ಅದನ್ನೂ ಬಿಟ್ಟೆ.

ಮೂರನೆಯದರಲ್ಲಿ ಯಾವ ತಕರಾರೂ ಇರಲಿಲ್ಲ. ಕನ್ನಡ ಇತ್ತು, ತಾಯಿಯ ಕಡೆಯಿಂದ ಬರೆಯಲು ಬರುತ್ತಿತ್ತು. ಅಜ್ಜಿಯಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಸೇರಿಸುತ್ತ ನನ್ನವರೆಗೆ ಬಂದೆ. ನನ್ನ ಕೆಳಗೆ ವಿಸ್ಮಿತಾ ಎಂದು ಹಾಕಿದೆ. ಜೀವಂತ ಅಥವಾ ಮೃತ, ಎರಡರಲ್ಲಿ ಒಂದನ್ನು ಒತ್ತದೆ ಮುಂದೆ ಹೋಗಲು ಅದು ಬಿಡಲಿಲ್ಲ. ನಾನು ಕಂಪ್ಯೂಟರ್ ಮುಚ್ಚಿದೆ. ಮರುದಿನ ಗ್ರೂಪಿನಲ್ಲಿ, ಈ ಆ್ಯಪ್ ಹಿರಿಯರಿಗೆ ಕಷ್ಟ, ಇನ್ನೂ ಸರಳವಾದದ್ದು ಹುಡುಕುತ್ತೇನೆ ಎಂದು ಬರೆದೆ.

ಸಿಕ್ಕಿತು. ಒಂದು ಲಿಂಕ್ ಒತ್ತಿದರೆ ತೆರೆಯುತ್ತದೆ, ನೋಡುವವರ ಹೆಸರು ಮಾತ್ರ ಕೇಳುತ್ತದೆ. ದೊಡ್ಡ ಅಕ್ಷರ. ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಒಂದು ಫೋಟೊ, ಇಷ್ಟೇ. ಸತ್ತ ದಿನದ ಜಾಗ ಕೆಳಗೆ 'ಇನ್ನಷ್ಟು ವಿವರ' ಎಂಬಲ್ಲಿ ಇದೆ, ತುಂಬಿಸಲೇಬೇಕೆಂಬ ಒತ್ತಾಯವಿಲ್ಲ. ಅಜ್ಜಿಯಂದಿರದ್ದನ್ನೆಲ್ಲ ತುಂಬಿಸಿದೆ. ಇವಳದ್ದನ್ನು ತುಂಬಿಸಲಿಲ್ಲ. ತುಂಬಾ ಸರಳ ಉಂಟು, ಒಳ್ಳೆಯದನ್ನೇ ಆರಿಸಿದೆ ಎಂದು ಎಲ್ಲರೂ ಹೊಗಳಿದರು. ಯಾರು ಬೇಕಾದರೂ ತಿದ್ದಬಹುದು ಎಂಬುದೊಂದೇ ತೊಂದರೆ. ಮಾವ ಒಂದು ದಿನ ಕನ್ನಡಕವಿಲ್ಲದೆ ಏನನ್ನೋ ಒತ್ತಿ ತಮ್ಮ ಹೆಂಡತಿಯನ್ನು ತಮಗೇ ತಾಯಿ ಮಾಡಿಕೊಂಡರು. ಅತ್ತೆ, "ಇರಲಿ ಬಿಡು ವಿಜೇತಾ, ನಾನು ಇಷ್ಟು ವರ್ಷ ಮಾಡಿದ್ದು ಅದೇ ಕೆಲಸ" ಎಂದರು. ನಿಮ್ಮ ಹೆಸರು ನನ್ನ ಪಕ್ಕದಲ್ಲಿದೆ. ಬೇರೆಯಾಗಿದ್ದಾರೆ ಎಂದು ಗುರುತು ಹಾಕುವ ಅವಕಾಶ ಅದರಲ್ಲಿತ್ತು, ನಾನು ಮುಟ್ಟಲಿಲ್ಲ. ನಿಮಗೂ ಲಿಂಕ್ ಕಳುಹಿಸಿದ್ದೆ. ನೀಲಿ ಗೆರೆ ಬಂತು.

ಸತ್ತ ದಿನ ಇಲ್ಲದವರನ್ನು ಆ ಆ್ಯಪ್ ಬದುಕಿದ್ದಾರೆ ಎಂದೇ ತಿಳಿಯುತ್ತದೆ. ಅದು ನನಗೆ ಮೊದಲು ಹೊಳೆದಿರಲಿಲ್ಲ, ಆಣೆಗೂ ಹೊಳೆದಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಎಲ್ಲರ ಫೋನಿಗೂ, ಇಂದು ವಿಸ್ಮಿತಾ ಅವರ ಇಪ್ಪತ್ತೆರಡನೆಯ ಹುಟ್ಟುಹಬ್ಬ, ಶುಭ ಹಾರೈಸಿ ಎಂದು ಬಂತು. ಹತ್ತಿರದವರು ಏನೂ ಮಾತಾಡಲಿಲ್ಲ. ದೂರದವರಿಗೆ, ಹೊಸದಾಗಿ ಮದುವೆಯಾಗಿ ಬಂದವರಿಗೆ ಏನು ಗೊತ್ತು? ಕೇಕಿನ ಚಿತ್ರ ಕಳುಹಿಸಿದರು, ಹೂಗುಚ್ಛ ಕಳುಹಿಸಿದರು. ದೇವರು ಆಯುಷ್ಯ ಆರೋಗ್ಯ ಕೊಡಲಿ ಎಂದು ಬರೆದರು. ಸೊಸೈಟಿಯಲ್ಲಿ ಜನ ಸಾಲು ನಿಂತಿದ್ದರೂ ನಾನು ಒಂದೊಂದನ್ನೇ ತೆರೆದು ಓದಿದೆ. ಅವಳ ಪರವಾಗಿ ಎಲ್ಲರಿಗೂ ಧನ್ಯವಾದ ಬರೆದೆ. ಅವಳು ಹುಟ್ಟಿದ ದಿನದಿಂದ ಈವರೆಗೆ ಅವಳ ಹೆಸರನ್ನು ಅಷ್ಟು ಜನ ಒಟ್ಟಿಗೆ ಹೇಳಿದ್ದೇ ಇಲ್ಲ. ನನಗೆ ಸಂತೋಷವಾಯಿತು ಎಂದರೆ ನಂಬುತ್ತೀರಾ? ಸಂತೋಷವಾಯಿತು.

ಮೇ ತಿಂಗಳಲ್ಲಿ ಕೊಕ್ಕಡದ ಅಮ್ಮಣಿಯಕ್ಕ ರಿಕ್ಷಾ ಮಾಡಿಕೊಂಡು ನಮ್ಮ ಮನೆಗೆ ಬಂದರು. ನಮ್ಮ ಕುಟುಂಬದ ಒಬ್ಬಳು ಅವರ ಮನೆಗೆ ಸೊಸೆಯಾಗಿ ಹೋಗಿದ್ದಾಳೆ, ಅವಳ ಫೋನಿನಲ್ಲಿ ನಮ್ಮ ವೃಕ್ಷ ನೋಡಿದರಂತೆ. ಅವರ ಮಗಳ ಮಗ ಮನ್ವಿತ್‌ಗೆ ಹೆಣ್ಣು ಹುಡುಕುತ್ತಿದ್ದಾರೆ. ಬಳಿ ಬೇರೆ, ಪ್ರಾಯ ಸರಿಯಾಗುತ್ತದೆ, ಮನೆತನ ಗೊತ್ತಿದ್ದದ್ದೇ. ಸಿಹಿಯ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, "ಹುಡುಗಿ ಎಲ್ಲಿ? ಮಂಗಳೂರಿನಲ್ಲಿ ಓದುವುದಾ?" ಎಂದು ಕೇಳಿದರು.

ಹೌದು ಎಂದೆ.

ಏನು ಓದುವುದು ಎಂದು ಕೇಳಿದರು. ಬಿ.ಎಡ್. ಎಂದೆ. ಉದ್ದ ಇದ್ದಾಳಾ ಎಂದರು. ಅಪ್ಪನ ಹಾಗೆ, ನನಗಿಂತ ಉದ್ದ ಎಂದೆ. ಫೋಟೊ ಬೇರೆ ಇಲ್ಲವಾ, ಅದರಲ್ಲಿ ಚಿಕ್ಕ ಮಗುವಿನದ್ದು ಮಾತ್ರ ಉಂಟು ಎಂದರು. ಅವಳಿಗೆ ಫೋಟೊ ತೆಗೆಸಿಕೊಳ್ಳುವುದೆಂದರೆ ಆಗುವುದಿಲ್ಲ, ಬಲು ಹಟ ಎಂದೆ. ಯಾರೂ ಕಲಿಸಬೇಕಾಗಲಿಲ್ಲ, ಒಂದರ ಹಿಂದೆ ಒಂದು ಬಾಯಿಗೆ ಬರುತ್ತಿತ್ತು. ಕಾಫಿ ಮಾಡಿ ಕೊಟ್ಟೆ. ಮಗಳಿಗೆ ಇಷ್ಟು ಬೇಗ ಮದುವೆ ಮಾಡುವ ಮನಸ್ಸಿಲ್ಲ ಎಂದು ಎಲ್ಲ ತಾಯಂದಿರ ಹಾಗೆ ಬಿಂಕ ಕೂಡ ಮಾಡಿದೆ. ಅಷ್ಟು ಹೊತ್ತು ನಾನು ಪ್ರಾಯಕ್ಕೆ ಬಂದ ಮಗಳ ತಾಯಿಯಾಗಿದ್ದೆ. ಅಮ್ಮಣಿಯಕ್ಕ ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ ಅವಳ ಸೀರೆಯ ಬಣ್ಣವನ್ನೂ ಹೇಳುತ್ತಿದ್ದೆ.

ಸರಸ ಚಿಕ್ಕಮ್ಮ ಒಳಗಿನಿಂದ ಎಲ್ಲ ಕೇಳುತ್ತಿದ್ದರು. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಅವಳು ಇಲ್ಲ ಅಕ್ಕ. ನಡೆಯಲು ಕಲಿತ ವರ್ಷವೇ ಜ್ವರ ಬಂದು ಹೋದಳು" ಎಂದರು. ಅಮ್ಮಣಿಯಕ್ಕ ನನಗೆ ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ನನ್ನ ಕೈ ಹಿಡಿದುಕೊಂಡು ಅತ್ತರು. ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ, "ನಮ್ಮ ಮನ್ವಿತ್‌ನ ಮೇಲೆ ಒಬ್ಬ ಇದ್ದ. ಮೂರು ವರ್ಷದವನು ಕೆರೆಗೆ ಬಿದ್ದು ಹೋದ. ಅವನ ಮದುವೆ ಆಗದೆ ತಮ್ಮನಿಗೂ ಯಾವುದೂ ಕೂಡಿ ಬರುವುದಿಲ್ಲ. ಆಟಿಯಲ್ಲಿ ಇವರಿಬ್ಬರದ್ದು ಮಾಡಿ ಬಿಡುವ ವಿಜೇತಾ. ಪಾಪದ ಮಕ್ಕಳು" ಎಂದರು.

ಬಂದ ಸಂಬಂಧ ಒಂದೇ ಮನೆಯಲ್ಲಿ ತಮ್ಮನಿಂದ ಅಣ್ಣನಿಗೆ ದಾಟಿತು. ಸಿಹಿಯ ಪೆಟ್ಟಿಗೆಯನ್ನು ಅವರು ವಾಪಸು ತೆಗೆದುಕೊಂಡು ಹೋಗಲಿಲ್ಲ.

ಈಗ ಕುಟುಂಬದವರೆಲ್ಲ ಹಗುರಾಗಿದ್ದಾರೆ. ಜ್ಯೋತಿಷಿಯಲ್ಲಿ ಪ್ರಶ್ನೆ ಇಟ್ಟಾಗಲೂ ಮಗುವಿಗೆ ಮದುವೆಯ ಆಸೆ ಇದೆ ಎಂದೇ ಬಂತಂತೆ. ಅದಕ್ಕೆ ಏನು ಗೊತ್ತು ಮದುವೆಯ ಆಸೆ? ಅದಕ್ಕೆ ಗೊತ್ತಿದ್ದದ್ದು ಬಾಳೆಹಣ್ಣು ಮತ್ತು ಅಂಗಳದ ಬೆಕ್ಕು. ಸೀರೆ, ಬಳೆ, ಕರಿಮಣಿ ಎಲ್ಲ ಚಿಕ್ಕಮ್ಮ ತಂದಿಟ್ಟಿದ್ದಾರೆ. ಧಾರೆಯಾದ ಮೇಲೆ ಅವನ್ನು ಗಂಡಿನವರು ಕೊಕ್ಕಡಕ್ಕೆ ಕೊಂಡು ಹೋಗುತ್ತಾರೆ. ಪ್ರತಿ ವರ್ಷ ನಮ್ಮ ಮನೆಯಲ್ಲಿ ಹಿರಿಯರಿಗೆ ಬಡಿಸುವಾಗ ಮೂಲೆಯಲ್ಲಿ ಅವಳಿಗೊಂದು ಸಣ್ಣ ಎಲೆ ಇಡುತ್ತಿದ್ದೆ. ಇನ್ನು ಅದು ಅವಳ ಗಂಡನ ಮನೆಯವರ ಕೆಲಸ.

ವೃಕ್ಷವನ್ನು ಸರಿ ಮಾಡು, ಸತ್ತ ಮಗುವಿಗೆ ಆಯುಷ್ಯ ಹಾರೈಸುವುದು ಯಾರಿಗೂ ಒಳ್ಳೆಯದಲ್ಲ ಎಂದು ಶೀನಪ್ಪ ಮಾವ ಹೇಳುತ್ತಲೇ ಇದ್ದಾರೆ. ಅದರಲ್ಲಿ ಸತ್ತ ದಿನದ ಜಾಗವೇ ಇಲ್ಲ ಮಾವ ಎಂದು ಸುಳ್ಳು ಹೇಳಿದ್ದೇನೆ. ಆ ಹುಡುಗನನ್ನು ಅವಳ ಪಕ್ಕ ಸೇರಿಸಿಯೂ ನೋಡಿದೆ. ಸತ್ತ ವರ್ಷ ಹಾಕಿದರೆ ಅದು ಮದುವೆಯ ವರ್ಷವನ್ನು ಒಪ್ಪುವುದಿಲ್ಲ, ತಪ್ಪು ಎಂದು ಕೆಂಪು ಮಾಡಿ ತೋರಿಸುತ್ತದೆ. ಇಬ್ಬರಿಗೂ ಹಾಕದಿದ್ದರೆ ಒಪ್ಪುತ್ತದೆ. ಆಗ ಬರುವ ವರ್ಷ ಮದುವೆಯ ವಾರ್ಷಿಕೋತ್ಸವಕ್ಕೆ ಎಲ್ಲರಿಗೂ ಸಂದೇಶ ಹೋಗುತ್ತದೆ, ಯಾರಾದರೂ ಪುಣ್ಯಾತ್ಮರು ಸಿಹಿ ಸುದ್ದಿ ಯಾವಾಗ ಎಂದು ಕೇಳುತ್ತಾರೆ. ನಗು ಬರುತ್ತದೆ.

ನನಗೆ ಈ ಮದುವೆ ಬೇಡ. ಬೇಡ ಎನ್ನಲು ನನ್ನಲ್ಲಿ ಕಾರಣವೂ ಇಲ್ಲ. ಅಮ್ಮಣಿಯಕ್ಕನ ಮುಖ ನೆನೆದರೆ ಬೇಡ ಎನ್ನಲು ಬಾಯಿಯೂ ಬರುವುದಿಲ್ಲ. ನೀವು ಬಂದು ಪಕ್ಕದಲ್ಲಿ ಕೂತರೆ ಹೇಗೋ ನೀರು ಎರೆದು ಕಳುಹಿಸಿಕೊಟ್ಟೇನು. ಅವಳನ್ನು ಮಣ್ಣು ಮಾಡುವಾಗ ನಾನೊಬ್ಬಳೇ ಇದ್ದೆ. ಮದುವೆಗೂ ಒಬ್ಬಳೇ ಕೂರಲು ನನ್ನಿಂದ ಆಗುವುದಿಲ್ಲ. ಬಂದ ಮೇಲೆ ಇಲ್ಲೇ ಇರಿ ಎಂದು ಕೇಳುವುದಿಲ್ಲ. ಅಲ್ಲಿ ನಿಮಗೆ ಯಾರಿದ್ದಾರೆ ಎಂದೂ ಕೇಳುವುದಿಲ್ಲ, ಕಕ್ಕಿಂಜೆಯವರು ಹೇಳಿದ್ದೆಲ್ಲ ಕಿವಿಗೆ ಬಿದ್ದಿದೆ. ಒಂದು ದಿನದ ಮಟ್ಟಿಗೆ ಬನ್ನಿ. ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ಕೇಳಲಿಲ್ಲ ಎಂದು ಆಮೇಲೆ ಅನಿಸಬಾರದಲ್ಲ.

ಆರೋಗ್ಯ ನೋಡಿಕೊಳ್ಳಿ. ನಿಮಗೆ ಶುಗರ್ ಜಾಸ್ತಿಯಾಗಿದೆ ಎಂದು ನಿತೇಶ್ ಹೇಳಿದ.

ಇಂತಿ,
ವೃಕ್ಷದಲ್ಲಿ ಇನ್ನೂ ನಿಮ್ಮ ಪಕ್ಕದಲ್ಲೇ ಇರುವ
ವಿಜೇತಾ

ವಿ.ಸೂ.: ಮಂಗಳವಾರ ಸಂಜೆ. ಕಾಗದ ಇನ್ನೂ ನನ್ನ ಚೀಲದಲ್ಲೇ ಇದೆ. ಮಾವ ನಿನ್ನೆ ನಿಮಗೆ ಫೋನ್ ಮಾಡಿದ್ದರಂತೆ. ಬರಲಾಗುವುದಿಲ್ಲ, ನೀವೇ ನಿಂತು ಮುಗಿಸಿಬಿಡಿ ಎಂದಿರಂತೆ. ವೃಕ್ಷದ ವಿಷಯವನ್ನೂ ಮಾವ ಹೇಳಿರಬೇಕು. ಇವತ್ತು ತೆರೆದು ನೋಡಿದರೆ ವಿಸ್ಮಿತಾಳ ಫೋಟೊ ಬೂದು ಬಣ್ಣಕ್ಕೆ ತಿರುಗಿದೆ. ಕೆಳಗೆ ಸತ್ತ ದಿನ ಬಂದಿದೆ. ಬದಲಾಯಿಸಿದವರು ಶೋಧನ್ ಎಂದಿದೆ.

ಆ ತಾರೀಖು ತಪ್ಪು. ಅವಳು ಹೋದದ್ದು ಶನಿವಾರ. ಆಗ ನೀವು ಕೆಲಸದ ಮೇಲೆ ಸಲಾಲಾಕ್ಕೆ ಹೋಗಿದ್ದಿರಿ, ನಿಮಗೆ ಸುದ್ದಿ ಮುಟ್ಟಿದ್ದು ಸೋಮವಾರ. ನೀವು ಹಾಕಿದ್ದು ಆ ಸೋಮವಾರದ ತಾರೀಖು. ಇಷ್ಟು ವರ್ಷ ನೀವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೂ ಅದನ್ನೇ ಎಂದು ಕಾಣುತ್ತದೆ. ತಿದ್ದಲು ಹೋದವಳು ಬಿಟ್ಟೆ. ನಿಮ್ಮ ಲೆಕ್ಕದಲ್ಲಿ ಅವಳು ಎರಡು ದಿನ ಹೆಚ್ಚು ಬದುಕಿದ್ದಾಳೆ.