ಹಸಿರು ರಕ್ತದ ಮೀನು

ಪಾಂಡವಪುರ
14-11-1998

ಮಗಳು ಅನುವಿಗೆ ಅಪ್ಪನ ಆಶೀರ್ವಾದ.

ಐದು ವರ್ಷ ನಿಮ್ಮಮ್ಮನಿಗಷ್ಟೇ ಬರೆಯುತ್ತಿದ್ದವಳು ಈ ಸಲ ನನ್ನ ಹೆಸರಿಗೆ ಬರೆದಿದ್ದೀಯ. ಪೋಸ್ಟಿನ ಚಿಕ್ಕಸ್ವಾಮಿ ಅಂಗಡಿಗೇ ತಂದುಕೊಟ್ಟ. ಓದುತ್ತಾ ಕೂತೆ, ಅಗ್ಗಿಷ್ಟಿಕೆಯ ಕೆಂಡವೆಲ್ಲ ಬೂದಿಯಾಗಿತ್ತು.

ಎರಡು ಮಾತು ಕೇಳಿದ್ದೀಯ. ನಿನ್ನ ಕೆಲಸ ಅರ್ಥವಾಯಿತೇ? ಸಾಯುವ ಮುಂಚೆ ತಮ್ಮ ಲೋಹಿತ್ ಈ ಅಕ್ಕನನ್ನು ಕೇಳಿದನೇ?

ಕೆಲಸ ಅರ್ಥವಾಯಿತು. ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಮೀನಿನ ಮೊಟ್ಟೆಗೆ ಬೇರೆ ಜೀವಿಯ ಜೀನ್ ಸೇರಿಸುತ್ತೀರಿ. ಹುಟ್ಟುವ ಮರಿಯ ರಕ್ತದ ಕಣಗಳು ಹಸಿರಾಗಿ ಹೊಳೆಯುತ್ತವೆ. ರಕ್ತ ಎಲ್ಲಿ ದಾರಿ ತಪ್ಪಿ ಕ್ಯಾನ್ಸರ್ ಆಗುತ್ತದೆಂದು ಅದರಿಂದ ಹುಡುಕುತ್ತೀರಿ. ನಿಮ್ಮಮ್ಮ, 'ಪಾಪದ ಮೀನ್ಗೆ ಸೂಜಿ ಚುಚ್ತಾಳಲ್ಲ, ಇವ್ಳಿಗೇನು ಬಂತು' ಎಂದು ಗೊಣಗಿದಳು. 'ಸುಮ್ಕಿರು, ಅದು ನಮ್ಮ ಅಕ್ಕಸಾಲಿ ಕೈ ಕಣೆ' ಎಂದೆ. ಅಂಗಡಿಗೆ ಬಂದವರಿಗೆಲ್ಲ ನೀನು ಕಳಿಸಿದ ಮೀನಿನ ಫೋಟೋ ತೋರಿಸಿ ಜಂಬ ಕೊಚ್ಚಿಕೊಂಡೆ.

ಇಂಥವೇ ಪಟ್ಟೆ ಮೀನುಗಳನ್ನಲ್ಲವೇ ತೊಣ್ಣೂರು ಕೆರೆಯ ಕಾಲುವೆಯಲ್ಲಿ ನೀವಿಬ್ಬರೂ ನನ್ನ ಟವೆಲಿನಲ್ಲಿ ಹಿಡಿಯುತ್ತಿದ್ದದ್ದು? ಬಾಟಲಿ ತಬ್ಬಿಕೊಂಡು ಸೈಕಲ್ ಹಿಂದೆ ಕೂತ ಲೋಹಿತ್, 'ಮೆಲ್ಲಗೆ ತುಳಿಯಪ್ಪ, ಮೀನ್ಗೆ ತಲೆ ತಿರುಗ್ತದೆ' ಎನ್ನುತ್ತಿದ್ದ. ಆ ದಿನಗಳು ಮತ್ತೆ ಬಾರವಲ್ಲ ಮಗಳೇ.

ಚಿನ್ನದ ಬಣ್ಣ ನೋಡಿಯೇ ಬೆರಕೆ ಹೇಳುವವನು ನಾನು. ಮಗನ ರಕ್ತ ಕೆಟ್ಟು ಮುಖ ಬಿಳಿಚಿಕೊಂಡದ್ದು ಈ ಕಣ್ಣಿಗೆ ಕಾಣಲಿಲ್ಲ. ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದಾಗ ಮೈಸೂರಿನಲ್ಲಿ ನಿನ್ನ ಬಿಎಸ್ಸಿ ಕೊನೆಯ ಪರೀಕ್ಷೆ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನೀನು. ಪರೀಕ್ಷೆಗೆ ಕೂತ ಮಕ್ಕಳಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದೆಂದು ಹಠ ಹಿಡಿದವನು ನಾನೇ. ನಿಮ್ಮಮ್ಮ ಎಷ್ಟು ಅತ್ತರೂ ಕೇಳಲಿಲ್ಲ. ನೀನು ಬಂದಾಗ ಎಲ್ಲ ಮುಗಿದಿತ್ತು.

ನಿನ್ನ ಎರಡನೆಯ ಮಾತಿಗೆ ಅವತ್ತೇ ಉತ್ತರ ಹೇಳಿದ್ದೇನಲ್ಲ. ಅವನಿಗೆ ಪ್ರಜ್ಞೆ ಇರಲಿಲ್ಲ. ಹೊತ್ತುಹೊತ್ತಿಗೆ ಊಟ ಮಾಡು.

ಇತಿ ನಿನ್ನ ಅಪ್ಪ,
ನಾಗರಾಜಾಚಾರಿ

ತಾ.ಕ.: ಪ್ರಜ್ಞೆ ಇರಲಿಲ್ಲ ಎಂದದ್ದು ಸುಳ್ಳು. ಆಗಲೂ ಸುಳ್ಳೇ ಹೇಳಿದ್ದೆ. ಒಂಬತ್ತು ದಿನ, ಮೈಸೂರು ಬಸ್ಸಿನ ಸದ್ದಾದಾಗಲೆಲ್ಲ ನಿನ್ನನ್ನು ಕೇಳಿದ. ಮುಂದಿನ ಬಸ್ಸಿಗೆ ಬರುತ್ತಾಳೆ ಎನ್ನುತ್ತಿದ್ದೆ. ಹತ್ತನೆಯ ದಿನ ಅವನು ಕೇಳಲಿಲ್ಲ. ನಾನೇ 'ಅಕ್ಕ ಬತ್ತಾಳೆ ಕಣ್ಲಾ' ಎಂದೆ. 'ಸುಳ್ಳೇಳ್ಬ್ಯಾಡ ಕಣಪ್ಪ, ಅಕ್ಕಂಗೆ ಪರೀಕ್ಷೆ ಅಂತ ನಂಗೊತ್ತು. ಬರೀಲಿ ಬುಡು' ಎಂದ.